ಬೀಗಗಳ ಕಾಟ, ಫಂಕ್ಷನ್‌ಗಳ ಮೊರೆ

2004ರ ಅಕ್ಟೋಬರ್‌ನಲ್ಲಿ ಇಂಟೆಲ್ ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಉದ್ಯಮ ಸಮ್ಮೇಳನವೊಂದರ ವೇದಿಕೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಕೇಳಿದ್ದು ತಮಾಷೆಗೇ ಆದರೂ ಸುದ್ದಿ ತಮಾಷೆಯದಾಗಿರಲಿಲ್ಲ. 4 ಗಿಗಾಹರ್ಟ್ಸ್ ವೇಗದ ಪೆಂಟಿಯಂ 4 ಚಿಪ್ಪನ್ನು ಇಂದು ತರುತ್ತೇವೆ, ನಾಳೆ ತರುತ್ತೇವೆ ಎನ್ನುತ್ತ ಬಂದಿದ್ದ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತ್ತು. ಚಿಪ್ಪಿನ ಬಿಸಿ ಕೈಮೀರಿತ್ತು. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದು ಬೇಡುವ ವಿದ್ಯುತ್ತೂ ಅದೇ ಅಳತೆಯಲ್ಲಿ ಕಡಿಮೆಯಾಗುತ್ತದೆ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ತೋರಿಸಿಕೊಟ್ಟಿದ್ದರು. ಮೂವತ್ತು ವರ್ಷ ನಡೆದ ಆ ಲೆಕ್ಕ ಅಲ್ಲಿಗೆ ನಿಂತುಹೋಯಿತು. ಒಂದು ಪ್ರೊಸೆಸರ್ ಇನ್ನಷ್ಟು ಜೋರಾಗಿ ಓಡಲಾರದು ಎಂದಾದಾಗ ತಯಾರಕರು ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಕೂರಿಸತೊಡಗಿದರು.

ತಂತ್ರಾಂಶ ಬರೆಯುವವರಿಗೆ ಇದು ಬಿಟ್ಟಿ ಸೌಲಭ್ಯವೊಂದರ ಕೊನೆ. ಅಲ್ಲಿಯವರೆಗೆ ನಿಧಾನವಾದ ಪ್ರೋಗ್ರಾಮಿಗೆ ಔಷಧ ಸುಲಭವಾಗಿತ್ತು: ಮುಂದಿನ ವರ್ಷ ಹೊಸ ಕಂಪ್ಯೂಟರ್ ಕೊಂಡರೆ ಅದೇ ಪ್ರೋಗ್ರಾಂ ತಾನಾಗಿ ಚುರುಕಾಗುತ್ತಿತ್ತು. ಆ ಕಾಲ ಮುಗಿಯಿತೆಂದು ಸಿ++ ಪರಿಣತ ಹರ್ಬ್ ಸಟರ್ 2005ರ ಮಾರ್ಚ್‌ನಲ್ಲಿ ‘ಡಾ. ಡಾಬ್ಸ್ ಜರ್ನಲ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಜನ ಇಂದಿಗೂ ನೆನೆಯುತ್ತಾರೆ. ಇನ್ನು ಮುಂದೆ ವೇಗ ಬೇಕಾದವರು ಹಲವು ಕೋರ್‌ಗಳಿಗೆ ಏಕಕಾಲಕ್ಕೆ ಕೆಲಸ ಹಂಚಬೇಕು, ಆ ಹಂಚಿಕೆ ಬಲು ಕಷ್ಟದ್ದು ಎನ್ನುವುದು ಅದರ ತಿರುಳು. ವಿಶ್ವವಿದ್ಯಾಲಯಗಳ ಕಾರಿಡಾರಿನಾಚೆ ಹೆಚ್ಚು ಜನ ಕೇಳಿರದ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಶೈಲಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದದ್ದು ಈ ಇಕ್ಕಟ್ಟಿನಿಂದ. ಗಣಿತಪ್ರಿಯರ ವಾದಕ್ಕೆ ಮನಸೋತು ಯಾವ ಕಂಪನಿಯೂ ಅತ್ತ ತಿರುಗಲಿಲ್ಲ.

ಕಷ್ಟವೇನೆಂದು ತಿಳಿಯಲು ಒಂದು ಬ್ಯಾಂಕ್ ಖಾತೆ ಸಾಕು. ಖಾತೆಯಲ್ಲಿ 1,000 ರೂಪಾಯಿ ಇದೆ. ಒಂದೇ ಕ್ಷಣದಲ್ಲಿ ಎರಡು ಕಡೆಯಿಂದ ಜಮಾ ಬರುತ್ತದೆ, ಒಂದು 500, ಇನ್ನೊಂದು 300. ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಎರಡು ಎಳೆಗಳು, ಅಂದರೆ ಥ್ರೆಡ್‌ಗಳು, ಒಂದೊಂದನ್ನು ನೋಡಿಕೊಳ್ಳುತ್ತವೆ. ಮೊದಲನೆಯದು ಬಾಕಿಯನ್ನು ಓದುತ್ತದೆ: 1,000. ಅದು ಕೂಡಿಸಿ ಬರೆಯುವ ಮೊದಲೇ ಎರಡನೆಯದೂ ಓದುತ್ತದೆ: ಅದೇ 1,000. ಮೊದಲನೆಯದು 1,500 ಎಂದು ಬರೆಯುತ್ತದೆ. ಎರಡನೆಯದು ತನ್ನ ಲೆಕ್ಕದಂತೆ 1,300 ಎಂದು ಅದರ ಮೇಲೆಯೇ ಬರೆದುಬಿಡುತ್ತದೆ. 500 ರೂಪಾಯಿ ಮಾಯ. ಎರಡೂ ಥ್ರೆಡ್‌ಗಳ ಕೋಡನ್ನು ಬೇರೆ ಬೇರೆಯಾಗಿ ಓದಿದರೆ ಒಂದಕ್ಷರ ತಪ್ಪಿಲ್ಲ.

ಇದಕ್ಕೆ ಹಳೆಯ ಪರಿಹಾರವೆಂದರೆ ಬೀಗ, ಅಂದರೆ ಲಾಕ್. ಖಾತೆಯನ್ನು ಮುಟ್ಟುವವನು ಬೀಗ ಹಾಕಿಕೊಂಡು ಕೆಲಸ ಮುಗಿಸಿ ತೆಗೆಯಬೇಕು. ಆದರೆ ಒಬ್ಬ ‘ಅ’ ಖಾತೆಗೆ ಬೀಗ ಹಾಕಿ ‘ಬ’ಗಾಗಿ ಕಾಯುತ್ತಿದ್ದು, ಇನ್ನೊಬ್ಬ ‘ಬ’ಗೆ ಬೀಗ ಹಾಕಿ ‘ಅ’ಗಾಗಿ ಕಾಯುತ್ತಿದ್ದರೆ ಇಬ್ಬರೂ ಶಾಶ್ವತವಾಗಿ ಕಾಯುತ್ತಲೇ ಇರುತ್ತಾರೆ. ಇಂಥ ದೋಷಗಳು ಪರೀಕ್ಷೆಯ ವೇಳೆ ತಲೆ ತೋರಿಸುವುದಿಲ್ಲ, ಹುಡುಕಲು ಹೋಗಿ ಒಂದು ಪ್ರಿಂಟ್ ಸಾಲು ಸೇರಿಸಿದರೆ ಮಾಯವಾಗುತ್ತವೆ. ಬರ್ಕ್ಲಿಯ ಪ್ರಾಧ್ಯಾಪಕ ಎಡ್ವರ್ಡ್ ಲೀ 2006ರ ಪ್ರಬಂಧದಲ್ಲಿ ತಮ್ಮದೇ ತಂಡದ ಕಥೆ ಹೇಳಿಕೊಂಡಿದ್ದಾರೆ. ಟಾಲೆಮಿ ಎಂಬ ಅವರ ತಂತ್ರಾಂಶವನ್ನು ಥ್ರೆಡ್ ಬಲ್ಲವರೇ ಬರೆದರು, ಹಲವರು ಕೂತು ಪರಿಶೀಲಿಸಿದರು, ಪ್ರತಿ ಸಾಲನ್ನೂ ಪರೀಕ್ಷೆಗೆ ಒಡ್ಡಿದರು. ನಾಲ್ಕು ವರ್ಷ ನಿರಾತಂಕವಾಗಿ ಓಡಿದ ಆ ಕೋಡ್ 2004ರ ಏಪ್ರಿಲ್ 26ರಂದು ಇದ್ದಕ್ಕಿದ್ದಂತೆ ಹೀಗೆ ಬೀಗಗಳ ನಡುವೆ ಸಿಕ್ಕಿ ನಿಂತುಬಿಟ್ಟಿತು.

ಲೀ ಅವರಿಗೆ ಹೋದದ್ದು ಸಮಯ ಮಾತ್ರ. 1985ರಿಂದ 1987ರ ನಡುವೆ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಅಮೆರಿಕ ಮತ್ತು ಕೆನಡಾಗಳಲ್ಲಿ ಕನಿಷ್ಠ ಆರು ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಸುರಿಯಿತು, ಅವರಲ್ಲಿ ಕೆಲವರು ಸತ್ತರು. ಯಂತ್ರ ನಡೆಸುವವರು ತೆರೆಯ ಮೇಲಿನ ವಿವರವನ್ನು ಎಂಟು ಸೆಕೆಂಡಿನೊಳಗೆ ತಿದ್ದಿದರೆ ತಿದ್ದುಪಡಿಯ ಅರಿವೇ ಆಗದಂತೆ ಇನ್ನೊಂದು ಕಾರ್ಯ ಹಳೆಯ ಮಾಹಿತಿಯಲ್ಲೇ ಮುಂದುವರಿಯುತ್ತಿದ್ದುದು ಅದರ ದೋಷಗಳಲ್ಲೊಂದು. ಹೊಸಬರು ನಿಧಾನವಾಗಿ ಟೈಪ್ ಮಾಡುವಷ್ಟು ದಿನ ಏನೂ ಆಗಲಿಲ್ಲ. ಕೈ ಪಳಗಿ ಚುರುಕಾದ ಮೇಲೆ ಅನಾಹುತವಾಯಿತು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಉಳಿದದ್ದಕ್ಕೆ ಕಾರಣಗಳು ಹಲವು. ಒಹಾಯೊದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಗಂಟೆಯ ತಂತ್ರಾಂಶ ಸದ್ದಿಲ್ಲದೆ ಸತ್ತಿದ್ದುದು ಅವುಗಳಲ್ಲಿ ಒಂದು. ಅದರ ಮೂಲದಲ್ಲಿಯೂ ಇದೇ ಜಾತಿಯ ದೋಷವಿತ್ತು.

ಈಗ ಖಾತೆಯ ಉದಾಹರಣೆಯನ್ನು ಇನ್ನೊಂದು ಬದಿಯಿಂದ ನೋಡಬಹುದು. ಇಬ್ಬರು ಓದಿದ್ದು ತಪ್ಪಲ್ಲ. ಓದಿದ ಮೇಲೆ ಆ ಜಾಗದಲ್ಲಿದ್ದ ಅಂಕಿ ಬದಲಾದದ್ದೇ ರಗಳೆಯ ಮೂಲ. ಬದಲಾಗದ ವಸ್ತುವನ್ನು ಒಬ್ಬ ಓದಲಿ, ಸಾವಿರ ಜನ ಓದಲಿ, ಬೀಗದ ಮಾತೇ ಏಳದು. ಫಂಕ್ಷನಲ್ ಶೈಲಿ ನಿಂತಿರುವುದು ಈ ನಂಬಿಕೆಯ ಮೇಲೆ: ಒಮ್ಮೆ ಕೊಟ್ಟ ಬೆಲೆಯನ್ನು ತಿದ್ದಬಾರದು, ಒಂದೇ ಒಳಹರಿವಿಗೆ ಫಂಕ್ಷನ್ ಯಾವಾಗಲೂ ಒಂದೇ ಉತ್ತರ ಕೊಡಬೇಕು, ಉತ್ತರ ಕೊಡುವ ನೆಪದಲ್ಲಿ ಹೊರಗಿನ ಯಾವುದನ್ನೂ ಮುಟ್ಟಬಾರದು. ಹಳೆಯ ಕಾಲದ ಕಿರ್ದಿ ಪುಸ್ತಕ ಬರೆಯುವವರು ಹೀಗೇ ಮಾಡುತ್ತಿದ್ದರು. ಹಿಂದಿನ ಅಂಕಿಯನ್ನು ಅಳಿಸದೆ ಕೆಳಗೆ ಹೊಸ ಸಾಲು ಬರೆಯುತ್ತಿದ್ದರು.

ವಿಚಾರ ಹೊಸದೇನಲ್ಲ. ಕಂಪ್ಯೂಟರ್ ಹುಟ್ಟುವ ಮೊದಲೇ, 1930ರ ದಶಕದಲ್ಲಿ, ಪ್ರಿನ್ಸ್‌ಟನ್ನಿನ ತರ್ಕಶಾಸ್ತ್ರಜ್ಞ ಅಲಾನ್ಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿ ಇರುವುದು ಫಂಕ್ಷನ್‌ಗಳು ಮಾತ್ರ. ತಿದ್ದಿ ಬರೆಯುವ ಪೆಟ್ಟಿಗೆ ಅಲ್ಲಿಲ್ಲ. ಜಾನ್ ಮೆಕಾರ್ಥಿ 1958ರಲ್ಲಿ ಶುರುಮಾಡಿದ ಲಿಸ್ಪ್ ಭಾಷೆ ಅದರಿಂದ ಸಾಕಷ್ಟು ಎರವಲು ಪಡೆಯಿತು. ಎಲ್ಲಕ್ಕಿಂತ ರೋಚಕವಾದದ್ದು ಜಾನ್ ಬ್ಯಾಕಸ್ ಅವರ ತಿರುಗುಬಾಣ. ಫೋರ್ಟ್ರಾನ್ ಭಾಷೆಯನ್ನು ಕಟ್ಟಿದ ತಂಡದ ನಾಯಕ ಅವರು. ಅದಕ್ಕಾಗಿಯೂ 1977ರ ಟ್ಯೂರಿಂಗ್ ಪ್ರಶಸ್ತಿ ಬಂದಾಗ, ಸ್ವೀಕಾರ ಭಾಷಣದಲ್ಲಿ ಫೋರ್ಟ್ರಾನ್ ಹಾದಿಯ ಭಾಷೆಗಳನ್ನೇ ತರಾಟೆಗೆ ತೆಗೆದುಕೊಂಡು, ಬೆಲೆಯನ್ನು ತಿದ್ದಿ ತಿದ್ದಿ ಬರೆಯುವ ಈ ಪದ್ಧತಿಯಿಂದ ಬಿಡುಗಡೆ ಬೇಕು, ಫಂಕ್ಷನ್‌ಗಳನ್ನು ಜೋಡಿಸಿ ಬರೆಯುವ ದಾರಿ ಹಿಡಿಯೋಣ ಎಂದರು. ಸಭಿಕರು ಚಪ್ಪಾಳೆ ತಟ್ಟಿರಬಹುದು. ಉದ್ಯಮ ಮಾತ್ರ ಸಿ ಭಾಷೆಯ ಕಡೆಗೆ ನಡೆಯಿತು.

ಏಕೆಂದರೆ ಆಕ್ಷೇಪವೊಂದು ಎದುರಿಗೇ ಇತ್ತು. ಹತ್ತು ಲಕ್ಷ ಅಂಶಗಳ ಪಟ್ಟಿಯಲ್ಲಿ ಒಂದನ್ನು ಬದಲಿಸಲು ಇಡೀ ಪಟ್ಟಿಯನ್ನು ನಕಲು ಮಾಡುವುದೇ? 1970ರ ದಶಕದ ಮೆಮೊರಿಯಲ್ಲಿ ಅದು ಹುಚ್ಚಾಟ. ಇದಕ್ಕೆ ಸಮರ್ಪಕ ಉತ್ತರ ಬರಲು ಕಾಲ ಹಿಡಿಯಿತು. ರಿಚ್ ಹಿಕಿ 2007ರಲ್ಲಿ ಬಿಡುಗಡೆ ಮಾಡಿದ ಕ್ಲೋಜರ್ ಭಾಷೆ, ಫಿಲ್ ಬ್ಯಾಗ್‌ವೆಲ್ ರೂಪಿಸಿದ್ದ ಮರದಂಥ ರಚನೆಯೊಂದನ್ನು ಹದಮಾಡಿ ಬಳಸಿತು. ಅದರಲ್ಲಿ ಪ್ರತಿ ಗಂಟಿನಿಂದ 32 ಕೊಂಬೆ. ನಾಲ್ಕು ಮಟ್ಟದಲ್ಲಿ ಹತ್ತು ಲಕ್ಷ ಎಲೆಗಳು ಹಿಡಿಯುತ್ತವೆ. ಒಂದು ಎಲೆ ಬದಲಾದರೆ ಬೇರಿನಿಂದ ಆ ಎಲೆಯವರೆಗಿನ ನಾಲ್ಕೈದು ಗಂಟುಗಳನ್ನು ಮಾತ್ರ ಹೊಸದಾಗಿ ಬರೆದು, ಉಳಿದ ಮರವನ್ನು ಹಳೆಯ ಆವೃತ್ತಿಯ ಜೊತೆ ಹಂಚಿಕೊಂಡರೆ ಆಯಿತು. ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ, ಓದುತ್ತಿದ್ದವನಿಗೆ ತೊಂದರೆಯಿಲ್ಲ.

ಇಷ್ಟೆಲ್ಲ ಸಿದ್ಧಾಂತ ನಡೆಯುತ್ತಿದ್ದಾಗ ಸ್ವೀಡನ್ನಿನಲ್ಲಿ ಕೆಲವರಿಗೆ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುವುದೇ ದೊಡ್ಡ ಚಿಂತೆಯಾಗಿತ್ತು. ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ 1980ರ ದಶಕದ ನಡುವಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಅವರಿಗೆ ಸಿಕ್ಕ ಕೆಲಸದ ಷರತ್ತುಗಳು ಹೀಗಿದ್ದವು: ಸಾವಿರಾರು ಕರೆಗಳು ಒಟ್ಟಿಗೆ ನಡೆಯಬೇಕು, ಒಂದು ಕರೆಯಲ್ಲಿ ದೋಷವಾದರೆ ಪಕ್ಕದ ಕರೆ ಕಡಿಯಬಾರದು, ಎಕ್ಸ್‌ಚೇಂಜ್ ನಿಲ್ಲಿಸದೆಯೇ ತಂತ್ರಾಂಶ ಬದಲಿಸಲು ಬರಬೇಕು. ಅವರು ಕಟ್ಟಿದ ಎರ್ಲಾಂಗ್ ಭಾಷೆಯಲ್ಲಿ ಪ್ರತಿ ಕರೆಗೂ ಒಂದು ಪುಟ್ಟ ಪ್ರಕ್ರಿಯೆ. ಅದು ಎರಡು-ಮೂರು ಕಿಲೋಬೈಟ್ ಮೆಮೊರಿಯಲ್ಲಿ ಹುಟ್ಟುತ್ತದೆ, ಆದ್ದರಿಂದ ಲಕ್ಷಗಟ್ಟಲೆ ಹುಟ್ಟಿಸಿದರೂ ಚಿಂತೆಯಿಲ್ಲ. ಒಂದರ ಮೆಮೊರಿಯನ್ನು ಇನ್ನೊಂದು ಮುಟ್ಟುವಂತಿಲ್ಲ. ಏನಾದರೂ ಹೇಳಬೇಕಿದ್ದರೆ ಸಂದೇಶ ಕಳಿಸಬೇಕು.

ಎರ್ಲಾಂಗ್‌ನ ನಿಜವಾದ ಧೈರ್ಯ ಕಾಣುವುದು ದೋಷವನ್ನು ಅದು ನಡೆಸಿಕೊಳ್ಳುವ ರೀತಿಯಲ್ಲಿ. ಬೇರೆ ಭಾಷೆಗಳಲ್ಲಿ ಪ್ರೋಗ್ರಾಮರ್ ಪ್ರತಿ ಹೆಜ್ಜೆಗೂ ‘ಹೀಗಾದರೆ? ಹಾಗಾದರೆ?’ ಎಂದು ರಕ್ಷಣೆ ಕಟ್ಟುತ್ತಾನೆ. ಎರ್ಲಾಂಗ್‌ನವರು ಕೆಟ್ಟ ಪ್ರಕ್ರಿಯೆಯನ್ನು ಸಾಯಲು ಬಿಡುತ್ತಾರೆ. ಅದನ್ನು ಕಾಯುವ ಮೇಲ್ವಿಚಾರಕ ಪ್ರಕ್ರಿಯೆ ಸುದ್ದಿ ತಿಳಿದ ಕೂಡಲೇ ಹೊಸದೊಂದನ್ನು ಶುದ್ಧ ಸ್ಥಿತಿಯಿಂದ ಎಬ್ಬಿಸುತ್ತದೆ. ಮೆಮೊರಿ ಹಂಚಿಕೊಂಡಿಲ್ಲವಾದ್ದರಿಂದ ಸತ್ತದ್ದು ಅಕ್ಕಪಕ್ಕದವರ ದತ್ತಾಂಶವನ್ನು ಕೆಡಿಸಿ ಹೋಗಿರುವುದಿಲ್ಲ. ಈ ವ್ಯವಸ್ಥೆಯ ಮೇಲೆ 1998ರಲ್ಲಿ ಬಂದ ಎಎಕ್ಸ್‌ಡಿ301 ಸ್ವಿಚ್ಚಿನಲ್ಲಿ ಹತ್ತು ಲಕ್ಷ ಸಾಲಿಗೂ ಮಿಕ್ಕಿದ ಎರ್ಲಾಂಗ್ ಕೋಡ್ ಇತ್ತು. ವಿಚಿತ್ರವೆಂದರೆ ಅದೇ ವರ್ಷ ಎರಿಕ್ಸನ್‌ನ ರೇಡಿಯೊ ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲಾಂಗ್ ಬಳಸಕೂಡದೆಂದು ನಿಷೇಧ ಹೇರಿತು. ಲೋಕವೆಲ್ಲ ಬಳಸುವ ಭಾಷೆಯೇ ಇರಲಿ ಎಂಬ ವ್ಯವಹಾರ ಬುದ್ಧಿ. ಆ ಡಿಸೆಂಬರ್‌ನಲ್ಲಿ ಭಾಷೆಯನ್ನು ಮುಕ್ತ ತಂತ್ರಾಂಶವಾಗಿ ಹೊರಬಿಟ್ಟರು. ನಿಷೇಧವೇ ಅದರ ಭಾಗ್ಯ ತೆರೆಯಿತೆನ್ನಬೇಕು.

2012ರ ಜನವರಿಯಲ್ಲಿ ವಾಟ್ಸಾಪ್‌ನ ಎಂಜಿನಿಯರುಗಳು ಒಂದೇ ಸರ್ವರಿನಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದಿಟ್ಟಿರುವುದಾಗಿ ಪ್ರಕಟಿಸಿದರು. ಕೆಳಗೆ ಫ್ರೀಬಿಎಸ್‌ಡಿ ಕಾರ್ಯಾಚರಣಾ ವ್ಯವಸ್ಥೆ, ಮೇಲೆ ಎರ್ಲಾಂಗ್. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 1,900 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿದಾಗ ಅದಕ್ಕೆ ತಿಂಗಳಿಗೆ 45 ಕೋಟಿ ಬಳಕೆದಾರರಿದ್ದರು, ಎಂಜಿನಿಯರುಗಳು ಮೂವತ್ತರ ಆಸುಪಾಸು. ಬೆಳಗಾದರೆ ಮನೆಮಂದಿಯ ಗುಂಪಿಗೆ ಬಂದು ಬೀಳುವ ಗುಲಾಬಿ ಹೂವಿನ ಶುಭೋದಯಗಳು ದಾಟಿ ಬರುವುದು ಟೆಲಿಫೋನ್ ಎಕ್ಸ್‌ಚೇಂಜಿಗೆಂದು ಹುಟ್ಟಿದ ಈ ಭಾಷೆಯನ್ನೇ. ಬ್ರೆಜಿಲ್‌ನ ಜೋಸೆ ವಾಲಿಂ ಎರ್ಲಾಂಗ್ ಓಡುವ ವರ್ಚುವಲ್ ಯಂತ್ರದ ಮೇಲೆಯೇ ಎಲಿಕ್ಸಿರ್ ಎಂಬ ಹೊಸ ಭಾಷೆ ಕಟ್ಟಿದರು. ಆಟಗಾರರ ಹರಟೆಕಟ್ಟೆಯಾದ ಡಿಸ್ಕಾರ್ಡ್ 2017ರಲ್ಲಿ 50 ಲಕ್ಷ ಜನರನ್ನು ಏಕಕಾಲಕ್ಕೆ ಎಲಿಕ್ಸಿರ್‌ನಲ್ಲಿ ನಿಭಾಯಿಸಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ವಾಟ್ಸಾಪ್ ಯಶಸ್ಸನ್ನು ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಗೆಲುವೆಂದು ಅದರ ಅಭಿಮಾನಿಗಳು ಹಾಡಿಹೊಗಳುವುದುಂಟು. ಅರ್ಧ ಮಾತ್ರ ನಿಜ. ಎರ್ಲಾಂಗ್‌ಗೆ ಬಲ ಬಂದದ್ದು ಪ್ರಕ್ರಿಯೆಗಳ ಪ್ರತ್ಯೇಕತೆಯಿಂದ. ಬೆಲೆ ಬದಲಾಗಬಾರದೆಂಬ ಫಂಕ್ಷನಲ್ ನಿಯಮ ಆ ಪ್ರತ್ಯೇಕತೆಗೆ ಅಚ್ಚುಕಟ್ಟಾಗಿ ಒದಗಿಬಂತು. ಗೂಗಲ್ 2009ರಲ್ಲಿ ಹೊರತಂದ ಗೋ ಭಾಷೆಯನ್ನು ಯಾರೂ ಫಂಕ್ಷನಲ್ ಎನ್ನುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರ 1978ರ ಪ್ರಬಂಧದ ವಿಚಾರದಿಂದ ಬೆಳೆದ ಚಾನೆಲ್ ಎಂಬ ಸಂದೇಶ ಮಾರ್ಗಗಳನ್ನಿಟ್ಟುಕೊಂಡು ಅದೂ ಲಕ್ಷಾಂತರ ಕೆಲಸಗಳನ್ನು ಒಟ್ಟಿಗೆ ನಡೆಸುತ್ತದೆ. ಆದರೆ ಗೋ ಭಾಷೆಯಲ್ಲಿ ಇಬ್ಬರು ಒಂದೇ ಮೆಮೊರಿಯನ್ನು ಮುಟ್ಟುವುದನ್ನು ತಡೆಯುವವರಿಲ್ಲ. ಶಿಸ್ತು ಬರೆಯುವವನ ಮೇಲೆಯೇ ಬಿದ್ದಿದೆ.

ಶಿಸ್ತನ್ನು ಭಾಷೆಯೇ ಹೇರಿದರೆ ಏನಾಗುತ್ತದೆಂಬುದಕ್ಕೆ ಹ್ಯಾಸ್ಕೆಲ್ ಒಳ್ಳೆಯ ಸಾಕ್ಷಿ. 1987ರಲ್ಲಿ ಸಂಶೋಧಕರ ಸಮಿತಿಯೊಂದು ಕೈಗೆತ್ತಿಕೊಂಡು 1990ರಲ್ಲಿ ಮೊದಲ ರೂಪ ಕೊಟ್ಟ ಈ ಭಾಷೆಯಲ್ಲಿ, ಹೊರಜಗತ್ತನ್ನು ಮುಟ್ಟುವ ಕೋಡ್ ಯಾವುದು, ಬರೀ ಲೆಕ್ಕ ಮಾಡುವ ಕೋಡ್ ಯಾವುದು ಎಂಬುದು ಅದರ ಟೈಪ್‌ನಲ್ಲೇ, ಅಂದರೆ ಕೋಡಿನ ಬಗೆ ಸೂಚಿಸುವ ಗುರುತಿನಲ್ಲೇ, ಬರೆದಿರುತ್ತದೆ. ಅದರ ಪ್ರಯೋಜನ ಕಂಡದ್ದು 2005ರಲ್ಲಿ, ಟಿಮ್ ಹ್ಯಾರಿಸ್, ಸೈಮನ್ ಮಾರ್ಲೊ, ಸೈಮನ್ ಪೇಟನ್ ಜೋನ್ಸ್ ಮತ್ತು ಮಾರಿಸ್ ಹರ್ಲಿಹಿ ಸೇರಿ ಹ್ಯಾಸ್ಕೆಲ್‌ಗೆ ತಂದ ಎಸ್‌ಟಿಎಂ (ಸಾಫ್ಟ್‌ವೇರ್ ಟ್ರಾನ್ಸಾಕ್ಷನಲ್ ಮೆಮೊರಿ) ವಿಧಾನದಲ್ಲಿ. ‘ಅ’ ಖಾತೆಯಿಂದ ತೆಗೆದು ‘ಬ’ಗೆ ಹಾಕುವ ಎರಡು ಹೆಜ್ಜೆಗಳನ್ನು ಒಂದೇ ವಹಿವಾಟೆಂದು ಗುರುತಿಸಿದರೆ ಸಾಕು, ಬೀಗ ಬೇಡ. ಯಂತ್ರ ಬರಹಗಳನ್ನೆಲ್ಲ ಬದಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತದೆ. ನಡುವೆ ಬೇರೆಯವರು ಖಾತೆ ಮುಟ್ಟಿದ್ದರೆ ಟಿಪ್ಪಣಿ ಹರಿದೆಸೆದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಹೀಗೆ ಹಿಂದೆ ಸರಿಯುವುದು ಸಾಧ್ಯವಾಗಬೇಕಾದರೆ ನಡುವೆ ಎಸ್‌ಎಂಎಸ್ ಕಳಿಸುವಂಥ, ಮರಳಿ ಪಡೆಯಲಾಗದ ಕೆಲಸ ನಡೆದಿರಬಾರದು. ಕೋಡನ್ನು ಯಂತ್ರಭಾಷೆಗೆ ಅನುವಾದಿಸುವ ಹ್ಯಾಸ್ಕೆಲ್ ಕಂಪೈಲರ್ ಅದನ್ನು ಬರೆಯಲೇ ಬಿಡುವುದಿಲ್ಲ. ಇದೇ ವಿಧಾನವನ್ನು ತನ್ನ ಡಾಟ್‌ನೆಟ್ ವೇದಿಕೆಗೆ ತರಲು ಹೊರಟ ಮೈಕ್ರೋಸಾಫ್ಟ್ 2010ರಲ್ಲಿ ಪ್ರಯೋಗ ನಿಲ್ಲಿಸಿತು. ಎಲ್ಲಿ ಬೇಕಾದರೂ ಏನನ್ನು ಬೇಕಾದರೂ ತಿದ್ದಲು ಬಿಡುವ ಭಾಷೆಯಲ್ಲಿ ಅಂಥ ಭರವಸೆ ಕೊಡುವುದು ದುಸ್ತರ.

ಹ್ಯಾಸ್ಕೆಲ್ ಪಂಡಿತರ ಆಟಿಕೆ ಎನ್ನುವವರಿಗೆ ಬೆಂಗಳೂರಿನ ಆಟೋಗಳೇ ಉತ್ತರ. ಆಟೋ ಚಾಲಕರ ಸಂಘ ಎಆರ್‌ಡಿಯು ಮತ್ತು ನಗರದ ಜಸ್‌ಪೇ ಕಂಪನಿ ಸೇರಿ 2022ರಲ್ಲಿ ತಂದ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಬದಿಯ ಕೋಡ್ ಇರುವುದು ಹ್ಯಾಸ್ಕೆಲ್‌ನಲ್ಲಿ. ಬೆಳಗಿನ ಒಂಬತ್ತಕ್ಕೆ ಜಯನಗರದಲ್ಲಿ ಒಬ್ಬರು ಗಾಡಿ ಕರೆದರೆ ಹತ್ತಿರದ ಹಲವು ಚಾಲಕರಿಗೆ ಕರೆ ಹೋಗುತ್ತದೆ, ಒಪ್ಪಿಕೊಳ್ಳುವವರು ಹಲವರಿದ್ದರೂ ಸವಾರಿ ಒಬ್ಬರಿಗೇ ಸಿಗಬೇಕು. ಹಣ ಪಾವತಿಯ ವ್ಯವಹಾರದಲ್ಲಿಯೂ ಜಸ್‌ಪೇ ಇದೇ ಭಾಷೆಯನ್ನು ನೆಚ್ಚಿಕೊಂಡಿದೆ. ‘ಫಂಕ್ಷನಲ್ ಕಾನ್ಫ್’ ಎಂಬ ಸಮ್ಮೇಳನ 2014ರಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ.

ಇಷ್ಟರವರೆಗಿನದು ಒಂದು ಬಗೆಯ ಸಮಸ್ಯೆ: ಸಾವಿರಾರು ಸಣ್ಣ ಕೆಲಸಗಳು ಒಟ್ಟಿಗೆ ನಡೆಯುತ್ತಿವೆ, ಒಂದರ ಕಾಲಿಗೆ ಒಂದು ತೊಡರಬಾರದು. ಇನ್ನೊಂದು ಬಗೆಯಿದೆ: ಹವಾಮಾನದ ಲೆಕ್ಕದಂಥ ಒಂದೇ ದೊಡ್ಡ ಕೆಲಸವನ್ನು ನೂರು ಕೋರ್‌ಗಳಿಗೆ ಹಂಚಿ ಬೇಗ ಮುಗಿಸಬೇಕು. ಫಂಕ್ಷನಲ್ ಪ್ರೋಗ್ರಾಮಿಂಗ್ ಅತಿ ಹೆಚ್ಚು ಆಸೆ ಹುಟ್ಟಿಸಿದ್ದು ಈ ಎರಡನೆಯದರಲ್ಲಿ, ಅತಿ ಹೆಚ್ಚು ನಿರಾಸೆ ಮಾಡಿದ್ದೂ ಇಲ್ಲೇ. ಫಂಕ್ಷನ್‌ಗಳು ಪರಸ್ಪರ ಏನನ್ನೂ ಮುಟ್ಟದಿದ್ದರೆ ಅವನ್ನು ಯಾವ ಕ್ರಮದಲ್ಲಾದರೂ ನಡೆಸಬಹುದು, ಹಾಗಾದರೆ ಹಂಚುವ ಕೆಲಸವನ್ನು ಕಂಪೈಲರೇ ಮಾಡಲಿ ಎಂಬುದು ವಾದ. ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಯಲ್ಲಿ ದಶಕಗಳ ಕಾಲ ದುಡಿದ ಪ್ರಾಧ್ಯಾಪಕ ಅರವಿಂದ್ ಇದಕ್ಕೆಂದೇ ‘ಐಡಿ’ ಎಂಬ ಭಾಷೆಯನ್ನೂ, ದತ್ತಾಂಶ ಸಿದ್ಧವಾದಂತೆಲ್ಲ ಲೆಕ್ಕ ನಡೆಸುವ ಯಂತ್ರಗಳನ್ನೂ ಕಟ್ಟಿದರು. ಯಂತ್ರಗಳು ಓಡಿದವು, ಮಾರುಕಟ್ಟೆ ಮುಟ್ಟಲಿಲ್ಲ. ಎಲ್ಲ ಕಡೆಯೂ ಸಮಾಂತರತೆ ಕಂಡರೆ ತುಣುಕುಗಳು ಅತಿ ಚಿಕ್ಕದಾಗುತ್ತವೆ. ಹಂಚಿ, ಕಾದು, ಮತ್ತೆ ಕೂಡಿಸುವ ಖರ್ಚು ಲೆಕ್ಕದ ಖರ್ಚನ್ನೇ ಮೀರುತ್ತದೆ. ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ ಮಿತಿಯೂ ಇದೆ: ಕೆಲಸದ ಹತ್ತನೇ ಒಂದು ಭಾಗ ಸಾಲಾಗಿಯೇ ನಡೆಯಬೇಕಿದ್ದರೆ ಎಷ್ಟು ಕೋರ್ ಹಾಕಿದರೂ ವೇಗ ಹತ್ತು ಪಟ್ಟು ದಾಟದು.

ಫಂಕ್ಷನಲ್ ಬಳಗದ ಒಳಗಿನಿಂದಲೂ ಟೀಕೆ ಬಂತು. 2009ರಲ್ಲಿ ಭಾಷಾ ವಿನ್ಯಾಸಕ ಗೈ ಸ್ಟೀಲ್, ಲಿಸ್ಪ್ ಕಾಲದಿಂದ ಎಲ್ಲರೂ ಮುದ್ದಿಸಿಕೊಂಡು ಬಂದ ಪಟ್ಟಿಯ ಮೇಲೆಯೇ ಬೆರಳು ತೋರಿಸಿದರು. ಪಟ್ಟಿಯನ್ನು ತಲೆಯಿಂದ ಒಂದೊಂದೇ ಬಿಡಿಸಿಕೊಂಡು ಹೋಗಬೇಕು, ನಡುವಿಗೆ ನೇರವಾಗಿ ಕೈ ಹಾಕುವಂತಿಲ್ಲ. ಅದನ್ನು ನೂರು ಕೋರ್‌ಗಳಿಗೆ ಹಂಚುವುದು ಹೇಗೆ? ಸಮನಾಗಿ ಸೀಳಬಲ್ಲ ರಚನೆಗಳ ಮೇಲೆ ಯೋಚಿಸುವುದನ್ನು ಕಲಿಯಿರಿ ಎಂದರು. ಇನ್ನೂ ದೊಡ್ಡ ಮುಜುಗರ ಒಕ್ಯಾಮಲ್‌ನದು. 1996ರಿಂದ ಬಳಕೆಯಲ್ಲಿರುವ, ಷೇರುಪೇಟೆಯ ದೊಡ್ಡ ವಹಿವಾಟುದಾರರು ನೆಚ್ಚಿದ ಈ ಫಂಕ್ಷನಲ್ ಭಾಷೆ, ಒಂದು ಪ್ರೋಗ್ರಾಮಿನ ಒಕ್ಯಾಮಲ್ ಕೋಡನ್ನು ಒಂದು ಕ್ಷಣದಲ್ಲಿ ಒಂದೇ ಕೋರಿನ ಮೇಲೆ ಓಡಿಸುತ್ತಿತ್ತು! ಅದರ ಕಸ ಗುಡಿಸುವ ವ್ಯವಸ್ಥೆ, ಅಂದರೆ ಗಾರ್ಬೇಜ್ ಕಲೆಕ್ಟರ್, ಹಲವು ಕೋರ್‌ಗಳಿಗೆ ಸಿದ್ಧವಿರಲಿಲ್ಲ. ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್ ಮತ್ತು ಕೇಂಬ್ರಿಡ್ಜಿನ ಸಂಗಾತಿಗಳು ವರ್ಷಗಟ್ಟಲೆ ದುಡಿದ ಮೇಲೆ, 2022ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿ ಆ ಕೊರತೆ ನೀಗಿತು.

ಸ್ವಯಂಚಾಲಿತ ಹಂಚಿಕೆಯ ಕನಸು ಕೈಗೂಡದಿದ್ದರೂ ಬರೆಯುವವನೇ ಹಂಚಿಕೆಯ ಜಾಗ ಸೂಚಿಸಿದಾಗ ಫಂಕ್ಷನಲ್ ಶೈಲಿ ಚೆನ್ನಾಗಿ ಫಲ ಕೊಟ್ಟಿದೆ. ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ 2004ರಲ್ಲಿ ಪ್ರಕಟಿಸಿದ, ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚುವ ಮ್ಯಾಪ್‌ರೆಡ್ಯೂಸ್ ವಿಧಾನದ ಹೆಸರೂ ಹೊಳಹೂ ಲಿಸ್ಪ್‌ನಿಂದ ಬಂದವೆಂದು ಅವರೇ ಬರೆದಿದ್ದಾರೆ. ಸಾವಿರಾರು ಅಗ್ಗದ ಯಂತ್ರಗಳಲ್ಲಿ ದಿನವೂ ಕೆಲವು ಕೆಡುತ್ತವೆ. ಅದೇ ಒಳಹರಿವಿಗೆ ಅದೇ ಉತ್ತರ ಖಾತ್ರಿಯಿದ್ದರೆ ಕೆಟ್ಟ ಯಂತ್ರದ ಪಾಲನ್ನು ಇನ್ನೊಂದಕ್ಕೆ ಕೊಟ್ಟು ಮತ್ತೆ ಮಾಡಿಸಿದರಾಯಿತು. 2009ರಲ್ಲಿ ಬರ್ಕ್ಲಿಯಲ್ಲಿ ಮಟೇ ಜಹಾರಿಯ ಆರಂಭಿಸಿದ ಸ್ಪಾರ್ಕ್, ಸ್ಕಾಲಾ ಭಾಷೆಯಲ್ಲಿ ಬರೆದದ್ದು, ಇದನ್ನೇ ಮೆಮೊರಿಯೊಳಗೆ ಮಾಡಿತು. ಇಂದು ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತುಗೊಳಿಸಲು ಬಳಸುವ ಗೂಗಲ್‌ನ ಜಾಕ್ಸ್ ಕೂಡ, ಕೊಟ್ಟ ಫಂಕ್ಷನ್ ಶುದ್ಧವಾಗಿರಲಿ, ಅಂದರೆ ಹೊರಗಿನ ಯಾವುದನ್ನೂ ಮುಟ್ಟದಿರಲಿ ಎಂದು ಷರತ್ತು ಹಾಕುತ್ತದೆ.

ಹೀಗಾಗಿ ಭಾಷೆಗಳಿಗಿಂತ ಅವುಗಳ ಅಭ್ಯಾಸಗಳು ಹೆಚ್ಚು ದೂರ ಸಂಚರಿಸಿವೆ. ಸಿ++ ಭಾಷೆಗೆ 2011ರಲ್ಲಿ, ಜಾವಾಗೆ 2014ರಲ್ಲಿ ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್ ಬರೆಯುವ ಸೌಲಭ್ಯ, ಬಂತು. ಎಫ್‌ಶಾರ್ಪ್ ಭಾಷೆಯಲ್ಲಿ ಡಾನ್ ಸೈಮ್ ರೂಪಿಸಿದ, ಒಂದು ಕೆಲಸ ಕಾಯುತ್ತಿದ್ದಾಗ ಥ್ರೆಡ್ಡನ್ನು ತಡೆದಿಡದ ಅಸಿಂಕ್ ಶೈಲಿ 2012ರಲ್ಲಿ ಸಿಶಾರ್ಪ್‌ಗೆ ಹೊಕ್ಕು, ಪೈಥಾನ್, ಜಾವಾಸ್ಕ್ರಿಪ್ಟ್‌ಗಳಿಗೂ ಹಬ್ಬಿತು. ಎಲ್ಲಕ್ಕಿಂತ ಜಾಣ ಎರವಲು ರಸ್ಟ್‌ನದು. ಮೊದಲ ಕಂಪೈಲರನ್ನು ಒಕ್ಯಾಮಲ್‌ನಲ್ಲಿ ಬರೆಸಿಕೊಂಡು ಹುಟ್ಟಿ 2015ರಲ್ಲಿ ಸ್ಥಿರ ರೂಪ ತಳೆದ ಈ ಭಾಷೆ ತಿದ್ದುವುದನ್ನು ನಿಷೇಧಿಸುವುದಿಲ್ಲ. ಹಲವರು ಓದುತ್ತಿದ್ದರೆ ಯಾರೂ ತಿದ್ದುವಂತಿಲ್ಲ, ಒಬ್ಬ ತಿದ್ದುತ್ತಿದ್ದರೆ ಬೇರೆ ಯಾರೂ ಓದುವಂತಿಲ್ಲ, ಅಷ್ಟೇ, ಪರಿಶೀಲನೆ ಕಂಪೈಲರ್‌ನದು. ಅತಿ ಒತ್ತಡವಿದ್ದ ಕಡೆ ಎಲಿಕ್ಸಿರ್ ಸೋತಾಗ ಡಿಸ್ಕಾರ್ಡ್ 2019ರಲ್ಲಿ ಆ ತುಣುಕನ್ನು ರಸ್ಟ್‌ನಲ್ಲಿ ಬರೆದು ಜೋಡಿಸಿತು.

ಮಿತಿಗಳನ್ನು ಮರೆಮಾಚಿ ಪ್ರಯೋಜನವಿಲ್ಲ. ಎರ್ಲಾಂಗ್‌ನ ಪ್ರಕ್ರಿಯೆ ನಿಧಾನವಾದರೆ ಬಂದ ಸಂದೇಶಗಳು ಕಾಯುವ ಅದರ ಅಂಚೆಪೆಟ್ಟಿಗೆ ಉಬ್ಬುತ್ತ ಹೋಗಿ ಸರ್ವರಿನ ಮೆಮೊರಿಯನ್ನೇ ನುಂಗಬಲ್ಲದು. ಇಬ್ಬರು ಪರಸ್ಪರರ ಸಂದೇಶಕ್ಕೆ ಕಾಯುತ್ತ ಕೂರುವುದು ಅಲ್ಲಿಯೂ ಸಾಧ್ಯ. ಹ್ಯಾಸ್ಕೆಲ್‌ನಲ್ಲಿ ಬರೆದರೂ ಒಂದೇ ರೈಲು ಸೀಟಿಗೆ ಇಬ್ಬರು ಮುಗಿಬೀಳುವ ಜಗಳ ಕೊನೆಗೆ ಡೇಟಾಬೇಸಿನಲ್ಲೇ ತೀರ್ಮಾನವಾಗಬೇಕು. ಈ ಭಾಷೆಗಳನ್ನು ಬಲ್ಲವರ ಸಂಖ್ಯೆ ಕಡಿಮೆ, ಕಲಿಸುವ ತಾಳ್ಮೆಯುಳ್ಳ ಕಂಪನಿಗಳು ಇನ್ನೂ ಕಡಿಮೆ.

ಆದರೂ ಲೆಕ್ಕ ಹಾಕಿದರೆ ತಕ್ಕಡಿ ಯಾವ ಕಡೆ ವಾಲುತ್ತದೆಂಬುದು ಸ್ಪಷ್ಟ. ಹಂಚಿಕೊಂಡ ಮೆಮೊರಿಯನ್ನು ಬೀಗಗಳಿಂದ ಕಾಯುವ ಪದ್ಧತಿಯನ್ನು ಮೊದಲ ಆಯ್ಕೆಯಾಗಿ ಇಂದು ಹಲವು ಹೊಸ ಭಾಷೆಗಳು ಮುಂದಿಡುತ್ತಿಲ್ಲ. ಥ್ರೆಡ್ ಮತ್ತು ಲಾಕ್‌ಗಳನ್ನಷ್ಟೇ ಕಲಿತು ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯನ್ನು ಎಲಿಕ್ಸಿರ್‌ಗೋ ಹ್ಯಾಸ್ಕೆಲ್‌ಗೋ ಕೊಟ್ಟು ನೋಡಬೇಕು. ಎರಡೂ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಡೆಯುತ್ತವೆ. ನಿತ್ಯ ಬಳಕೆಯಲ್ಲಿರುವ ದೊಡ್ಡ ಹ್ಯಾಸ್ಕೆಲ್ ಕೋಡ್ ಹೇಗಿರುತ್ತದೆಂದು ಓದುವ ಆಸೆಯಿದ್ದವರಿಗೆ ‘ನಮ್ಮ ಯಾತ್ರಿ’ಯ ಮೂಲ ಕೋಡನ್ನು ಗಿಟ್‌ಹಬ್‌ನಲ್ಲಿ ಪ್ರಕಟಿಸಲಾಗಿದೆ.